ಬಣ್ಣದ ಖಾನೆ

ಆಳಂದ ನಾಕಾದ ಸಾ ಮಿಲ್ಲಿನಲ್ಲಿ ಬಿಲ್ಲು ಬರೆಯುವಾಕಿ ನಾನು.
ಬಿಲ್ಲಿಗೆ ಆರು ಖಾನೆ: ಜಾತಿ, ಉದ್ದ, ಅಗಲ, ದಪ್ಪ, ಬಣ್ಣ, ದರ.
ಜಾಲಿಗೆ ಕೆಂಪು, ಮಾವಿಗೆ ಹಳದಿ, ಸಾಗವಾನಿಗೆ ಜೇನು,
ಹನ್ನೊಂದು ವರ್ಷ ಕಣ್ಣೆತ್ತದೆ ಬರೆದಿದ್ದೇನೆ.

ಆ ಸೋಮವಾರ ಚಾಂದಪಾಶಾನ ಲಾರಿ ಬಂತು.
ಸೇಬಿನ ಖಾಲಿ ಪೆಟ್ಟಿಗೆ, ಒದ್ದೆ ಹುಲ್ಲು, ಅದರಡಿ
ತಾಡಪತ್ರಿ ಹೊದ್ದು ಮಲಗಿದ ಒಂದು ದಿಮ್ಮಿ.
"ಅಕ್ರೋಟ," ಅಂದ. ಪಾಸು ತೋರಿಸಿದ.
ಅಕ್ರೋಟ ಅಂದರೆ ನಮಗೆ ರಂಜಾನಿನಲ್ಲಿ
ಸುಪರ್ ಮಾರ್ಕೆಟ್ಟಿನ ಗಾಜಿನ ಭರಣಿಯ ಸುಕ್ಕು ಕಾಯಿ,
ಬಾಗಿಲ ಸಂದಿಯಲ್ಲಿಟ್ಟು ಒಡೆಯುವಂಥದ್ದು.
ಅದಕ್ಕೊಂದು ಮರವಿದೆ, ಮರಕ್ಕೊಂದು ಒಳಗಿದೆ ಎಂದು
ಯೋಚಿಸಿದವರಾರು?

ಮಾಣಿಕಪ್ಪ ಬಡಿಗೇರ ತೊಗಟೆ ಸವರಿದ, ಮೂಸಿದ,
ಗರಗಸಕ್ಕೆ ಕೊಟ್ಟ.
ಮೊದಲ ಹಲಗೆ ಬಿದ್ದದ್ದೇ ಮಷಿನ್ ಬಂದ್ ಮಾಡಿ
"ಸುಗಲಾ, ಪೆನ್ನು ಅಲ್ಲೇ ಇಡು, ಹೊರಗ ಬಾ."

ನಡುವೆ ನೇರಳೆ. ಹಣ್ಣು ತಿಂದ ಹುಡುಗನ ನಾಲಗೆಯ ನೇರಳೆ.
ಪಕ್ಕದಲ್ಲಿ ನೆನೆಹಾಕಿದ ಹೆಸರಿನ ಹಸಿರು;
ಒಲೆಯಿಂದೆತ್ತಿದ ರೊಟ್ಟಿಗೆ ಅಂಟಿದ ಬೂದಿಯಂಥ ಒಂದು ಎಳೆ;
ಗಂಟಿನ ಸುತ್ತ, ಏಟು ಬಿದ್ದು ಮೂರು ದಿನವಾದ ಮೊಣಕಾಲು.
ತೊಗಟೆಯ ಕಡೆ ಬರೀ ಕೆನೆ.
ಅಂಗೈ ಇಟ್ಟೆ. ತಂಪು ಅಂಟಿತು.

ಬಣ್ಣ: ನೇರಳೆ, ಎಂದು ಬರೆದೆ.
ವಕೀಲ ಸೂಗೂರಪ್ಪನವರಿಗೆ ಫೋನು ಹಚ್ಚಿದೆ,
ಯಾಕೆಂದು ನನಗೇ ತಿಳಿಯದ ಖುಷಿಯಲ್ಲಿ:
"ನಿಮ್ಮ ಮೇಜಿಗೆ ನೇರಳೆ ಅದರೀ ಸರ, ಹಸಿರೂ ಅದ, ಬರ್ರಿ."
ಕೋರ್ಟು ಮುಗಿಸಿ ಬರುತ್ತೇನೆಂದರು.

ಚಹಾ ಕುಡಿದು ಬರುವಷ್ಟರಲ್ಲಿ ಹಸಿರು ಹೋಗಿತ್ತು.
ಊಟದ ಹೊತ್ತಿಗೆ ನೇರಳೆಯ ಮೇಲೆ
ಯಾರೋ ಉಸಿರು ಬಿಟ್ಟ ಹಾಗೆ ಮಬ್ಬು.
ಕಾಟು ಹೊಡೆದು ಬರೆದೆ: ಕಂದು ನೇರಳೆ. ಮತ್ತೆ ಕಾಟು.
ದಸರೆ ಕಳೆದ ಬಿಸಿಲು. ತೊಗರಿ ಹೊಲದ ಕಡೆಯ ಒಣ ಗಾಳಿ
ತಗಡಿನ ಸಂದಿಯಿಂದ ನುಗ್ಗಿ ಹಲಗೆ ಹಲಗೆ ಮುಟ್ಟುತ್ತಿತ್ತು,
ಮುಟ್ಟಿದ್ದಕ್ಕೆಲ್ಲ ಒಂದೇ ಮಾತು ಹೇಳಿಸುತ್ತಿತ್ತು.

ಐದೂವರೆಗೆ ವಕೀಲರು, ಕರಿ ಕೋಟು ಕೈಮೇಲೆ.
"ಎಲ್ಲದ ನೇರಳೆ?"
ಹಲಗೆಯಷ್ಟೂ ಸೋಸಿ ಉಳಿದ ಚಹಾಪುಡಿಯ ಬಣ್ಣ.
"ಇತ್ತ್ರೀ," ಅಂದೆ. "ಮುಂಜಾನಿ ಇತ್ತು."
"ಯಾರು ನೋಡ್ಯಾರ?"
ನಾನು. ಮಾಣಿಕಪ್ಪ. ಚಾಂದಪಾಶಾ,
ಅವನಾಗಲೇ ಹುಮನಾಬಾದ ದಾಟಿದ್ದ.
ವಕೀಲರು ನಕ್ಕರು, ಸಾಕ್ಷಿ ತಿರುಗಿಬಿದ್ದಾಗ ನಗುವ ಹಾಗೆ.

ಸಿಟ್ಟು ಬಂತು, ಯಾರ ಮೇಲೆಂದು ತಿಳಿಯಲಿಲ್ಲ.
ಒಮ್ಮೆ ನನ್ನ ಹೆಸರಿನ ಕಾಗದದಲ್ಲೂ ಬಣ್ಣದ ಖಾನೆಯಿತ್ತು.
ಅವ್ವ 'ಗೋಧಿ' ಎಂದು ಬರೆಸಿದ್ದಳು.
ಬಂದವರು ಕಾಗದ ನೋಡಿ, ನನ್ನ ನೋಡಿ,
ಮತ್ತೆ ಕಾಗದ ನೋಡಿದ್ದರು.

ಮಾಣಿಕಪ್ಪ ಏನೂ ಅನ್ನದೆ ರಂದಾ ತಂದ. ಒಂದೇ ಎಳೆತ.
ಕಂದಿನಡಿಯಿಂದ ಬೆರಳಗಲ ನೇರಳೆ ಎದ್ದಿತು,
ನಿದ್ದೆಯಲ್ಲಿ ಹೆಸರು ಕರೆದವರತ್ತ ತಿರುಗಿದಂತೆ.
ವಕೀಲರು ಬಗ್ಗಿದರು. ಕನ್ನಡಕ ತೆಗೆದರು.
"ಇದನ್ನ ಹಿಂಗೇ ಇಡ್ಲಿಕ್ಕೆ ಬರ್ತದೇನು?"
"ಗಾಳಿ ಬಂದ್ ಮಾಡ್ರಿ," ಅಂದ ಮಾಣಿಕಪ್ಪ.
ಆಮೇಲೆ, ಯಾರೂ ಕೇಳದಿದ್ದರೂ:
"ಬ್ಯಾರೆ ಕಟಗಿ ಮುದುಕಾದಂಗ ಕಪ್ಪಾಗ್ತದ.
ಇದು ವರ್ಷ ಹೋದಂಗ ತಿಳಿ ಆಗ್ತದಂತ, ಡ್ರೈವರ್ ಹೇಳ್ತಿದ್ದ.
ನಾ ನೋಡಿಲ್ಲ."

ದರ ಕೂಡಿಸಿದೆ, ಸಹಿ ಹಾಕಿಸಿದೆ.
ಬಣ್ಣದ ಖಾನೆಯಲ್ಲಿ ಕಾಟಿನ ಮೇಲೆ ಕಾಟು, ಜಾಗವೇ ಉಳಿದಿರಲಿಲ್ಲ.
ಮಾಲೀಕ ಗುರುಪಾದಪ್ಪ ಬಿಲ್ಲು ಎತ್ತಿ ಹಿಡಿದು "ಇದೇನಿದು?" ಎಂದ.
"ವೇಳೆ ಬರ್ದೀನ್ರಿ," ಅಂದೆ.

ರಂದಾದ ಸುರುಳಿ ಕಾಲ ಬಳಿ ಬಿದ್ದಿತ್ತು.
ಮುಷ್ಟಿಯಲ್ಲಿ ಅದುಮಿಕೊಂಡು ಸಿಟಿ ಬಸ್ಸು ಹತ್ತಿದೆ,
ಗಾಳಿ ತಾಗದ ಹಾಗೆ.
ಗಂಜ್ ದಾಟಿದ ಮೇಲೆ ಕಂಡಕ್ಟರ್ ಬಂದು
ಆಧಾರ್ ಕಾರ್ಡು ಕೇಳಿದ.
ಇನ್ನೊಂದು ಕೈಯಲ್ಲಿ ಬಸ್ಸಿನ ಕಂಬಿ.
ಬಿಚ್ಚಲೇಬೇಕಾಯಿತು.