ನಲವತ್ಮೂರು ಪ್ರಶ್ನೆ

ಅಳುವಾರದ ತರಗತಿಯಲ್ಲಿ ಮೇಷ್ಟ್ರು ಹಲಗೆಯ ಮೇಲೆ
ಮೂರು ವೃತ್ತ ಬರೆದರು: ಜನ, ಜಾಗ, ಬದುಕು.
ಮೂರೂ ಒಂದನ್ನೊಂದು ತುಳಿಯುವಲ್ಲಿ
ಸೀಮೆಸುಣ್ಣ ಒತ್ತಿ ತಿಕ್ಕಿದರು, ಪುಡಿ ಉದುರಿತು.
'ಇಲ್ಲಿದೆ ನೋಡಿ ಪುನಶ್ಚೇತನ' ಅಂದರು.
ಹಾಗೇ ಬರೆದುಕೊಂಡೆ,
ಉದುರಿದ ಪುಡಿ ಬಿಟ್ಟು.

ಜನವರಿಯಲ್ಲಿ ಕ್ಷೇತ್ರಕಾರ್ಯ.
ಅಮ್ಮತ್ತಿಯಲ್ಲಿ ಬಸ್ಸಿಳಿದು, ಜೀಪು ಹತ್ತಿ
ಕೊಲ್ಲಿಮಾಡಿಗೆ ಬಂದರೆ ಊರಲ್ಲಿ ಊರಿಲ್ಲ.
ಅಂಗನವಾಡಿಗೆ ಬೀಗ.
ಲೈನ್ ಮನೆಯ ಹನ್ನೆರಡು ಬಾಗಿಲಿಗೂ ಚಿಲಕ.
ಚೀಲದಲ್ಲಿ ಅರವತ್ತು ಫಾರಂ,
ಒಂದೊಂದರಲ್ಲೂ ನಲವತ್ಮೂರು ಪ್ರಶ್ನೆ.
ಸಿಕ್ಕ ಉತ್ತರದಾತರು: ಒಂದು ಕೋಳಿ.

'ಕುಯ್ಲಿನ ಹೊತ್ತಲ್ಲಿ ಕುಟುಂಬದ ಮುಖ್ಯಸ್ಥರು ಬೇಕಾ?'
ಅಂಗಡಿಯ ಮೊಯ್ದು ನಕ್ಕ.
'ಎಲ್ಲ ಗಿಡದಡಿ ಇದ್ದಾರೆ, ಹೋಗಿ.
ಆನೆ ಬಂದರೆ ಫಾರಂ ತೋರಿಸಿ.'

ಗಿಡದಡಿ ನೀಲಿ ಟಾರ್ಪಾಲು.
ಎರವರ ಬೊಳ್ಳಿ ಕೆಂಜಿಗದ ಗೂಡನ್ನು ಕೋಲಲ್ಲಿ ಬಡಿದು
'ಕೇಳು, ಕೈಗೆ ಕೆಲಸ, ಬಾಯಿ ಖಾಲಿಯಿದೆ' ಅಂದಳು.

ಒಂದನೆಯದು: ಈ ಊರಲ್ಲಿ ಎಷ್ಟು ವರ್ಷದಿಂದ ವಾಸ?
'ಆ ಸಿಲ್ವರ್ ಓಕ್ ನನ್ನ ಮೊಣಕಾಲಿಗಿತ್ತು.'
ಉತ್ತರದ ಚೌಕ ಚಿಕ್ಕದು. ಮರ ಹಿಡಿಸಲಿಲ್ಲ.

ಏಳನೆಯದು: ಭೂಹಿಡುವಳಿ, ಸೆಂಟುಗಳಲ್ಲಿ.
ಅವಳು ಉಗುರು ತೋರಿಸಿದಳು.

ಹದಿನೆಂಟನೆಯದು ಅಸ್ಸಾಮಿನ ಹಸ್ನಾರಾಗೆ:
ಸ್ಥಳೀಯರೇ, ವಲಸಿಗರೇ?
ಇಬ್ಬರೂ ಉಂಡ ಬುತ್ತಿಯ ಮುಚ್ಚಳ ತಿರುಪುತ್ತ
ಬೊಳ್ಳಿಯೇ ಉತ್ತರ ಕೊಟ್ಟಳು: 'ನಮ್ಮ ಸಾಲಿನವಳು.'
ಎರಡು ಆಯ್ಕೆಗಳ ನಡುವಿನ ಬಿಳಿ ಜಾಗದಲ್ಲಿ
ಸರಿ ಗುರುತು ಹಾಕಿದೆ.

ಇಪ್ಪತ್ತರ ಹೊತ್ತಿಗೆ ಪೆನ್ನು ಕಿವಿಗೆ ಸಿಕ್ಕಿಸಿ
ನಾನೂ ಕೊಂಬೆ ಬಗ್ಗಿಸಿದ್ದೆ.
ಪಾಠದಲ್ಲಿ ಇದಕ್ಕೆ ಸಹಭಾಗಿ ಅವಲೋಕನ ಅನ್ನುತ್ತಾರೆ.
ಕೆಂಜಿಗ ಕತ್ತಿನೊಳಗೆ ಇಳಿದಾಗ
ನಾನು ಅಂದದ್ದು ಬೇರೆ.

ನಾಲ್ಕೂವರೆಗೆ ಕಣದಲ್ಲಿ ತಕ್ಕಡಿ ಏರಿತು.
ಆಗ ಬಂತು ಊರು,
ಚೀಲ ಹೊತ್ತು, ಮಗು ಹೊತ್ತು, ತರಗೆಲೆ ಮುಡಿದ ತಲೆಗಳು.
ಅಂಗನವಾಡಿಯ ದೇಚಕ್ಕ ಬೆಳಗಿನಿಂದಲೂ ಇಲ್ಲೇ,
ಕಣದ ಮೂಲೆಯಲ್ಲಿ ಮಕ್ಕಳಿಗೆ
ಕಾಫಿಹಣ್ಣಲ್ಲಿ ಒಂದು ಎರಡು ಕಲಿಸುತ್ತ.
ಇಲಾಖೆಯ ವರದಿಯಲ್ಲಿ: ಕೇಂದ್ರ ಮುಚ್ಚಿದೆ.

ರೈಟರ್ ಬಿದ್ದಪ್ಪ ಹಸ್ನಾರಾಳ ಚೀಲ ತೂಗಿ
ಹಣ್ಣು ಒದ್ದೆಯೆಂದು ಎರಡು ಕಿಲೋ ಕಳೆದ.
ಅವಳಿಗೆ ಜಗಳವಾಡುವಷ್ಟು ಕನ್ನಡ ಬರುವುದಿಲ್ಲ.
ಹಿಂದಿನ ಹದಿನೈದು ಜನಕ್ಕೆ ಬರುತ್ತದೆ.
ತಕ್ಕಡಿಯ ಸುತ್ತ ಜಾಗವೇ ಉಳಿಯಲಿಲ್ಲ.
ಬಿದ್ದಪ್ಪ ಕನ್ನಡಕ ತೆಗೆದು, ಒರೆಸಿ,
ಮತ್ತೆ ಹಾಕಿಕೊಂಡು, ಮತ್ತೆ ತೂಗಿದ.
ಎರಡು ಕಿಲೋ ವಾಪಸ್ಸು ಬಂತು.
ಸಂಘಟನೆಯ ಐದು ಹಂತಗಳಲ್ಲಿ
ಇದು ಎಷ್ಟನೆಯದೋ, ನೆನಪಾಗಲಿಲ್ಲ.

ಕೊನೆಯ ಪ್ರಶ್ನೆ ಉಳಿದಿತ್ತು:
ತಮ್ಮ ಪ್ರದೇಶದ ಪುನಶ್ಚೇತನಕ್ಕೆ ತಮ್ಮ ಸಲಹೆಗಳೇನು?
'ಪುನ… ಏನದು?'
ಮತ್ತೆ ಜೀವ ಬರಿಸೋದು, ಅಜ್ಜಿ.
ಬೊಳ್ಳಿ ಚೀಲ ಇಳಿಸಿದಳು. ನನ್ನನ್ನೇ ನೋಡಿದಳು.
'ಯಾರು ಹೋದರು? ನಮಗೆ ಯಾರೂ ಹೇಳಲೇ ಇಲ್ಲ.'

ಸಾಲು ಸಾಲೇ ನಕ್ಕಿತು. ಬಿದ್ದಪ್ಪನೂ.
ನಗು ಇಳಿದ ಮೇಲೆ, ಸೆರಗಿನಿಂದ ಕೈ ಒರೆಸುತ್ತ,
ನನಗೊಬ್ಬಳಿಗೇ ಕೇಳುವ ಹಾಗೆ:
'ಲೈನ್ ಹಿಂದೆ ಒಂದು ದೀಪ ಅಂತ ಬರೆ.
ರಾತ್ರಿ ಕಕ್ಕಸಿಗೆ ಹೋಗುವಾಗ
ಎದುರು ನಿಂತದ್ದು ಆನೆಯೋ ಬರೀ ಕತ್ತಲೋ
ತಿಳಿಯೋದಿಲ್ಲ.'

ನೂರಾ ಹನ್ನೆರಡು ಪುಟದ ವರದಿ.
ಅನುಬಂಧ ಒಂದು: ತೂಕದ ಚೀಟಿ,
ನನ್ನ ಹೆಸರು, ಒಂಬತ್ತು ಕಿಲೋ, ಹಣ್ಣಿನ ರಸದ ಕಲೆ.
ಪಕ್ಕದಲ್ಲಿ ಕೆಂಪು ಶಾಯಿ: ಇದರ ಪ್ರಸ್ತುತತೆ?
ಉತ್ತರ ಬರೆಯಬೇಕು.

ಅದಕ್ಕೂ ಮೊದಲು ಪಂಚಾಯ್ತಿಗೆ ದೀಪದ ಅರ್ಜಿ,
ಇದು ಮೂರನೇ ಸಲ.
ಹತ್ತಿರದ ಕಂಬದ ನಂಬರು ಕೇಳುತ್ತಾರೆ.
ಕಂಬವೇ ಇಲ್ಲ ಅನ್ನುವುದಕ್ಕೆ
ಅವರ ಫಾರಮ್ಮಿನಲ್ಲೂ ಚೌಕವಿಲ್ಲ.