ಹಾಜರಿ

ಪಾಠದ ಹೆಸರು ‘ವೀರರು’.
ಹಲಗೆಯ ಮೇಲೆ ಒತ್ತಿ ಬರೆಯುವಾಗ
ವಕಾರದ ದೀರ್ಘಕ್ಕೆ ಸೀಮೆಸುಣ್ಣ ಮುರಿಯಿತು.
ನಾಲ್ಕನೇ ತರಗತಿ, ಹದಿನೇಳು ಮಕ್ಕಳು,
ಕಿಟಕಿಯಾಚೆ ಮಾಲ್ದಾರೆಯ ತೋಟ.
ಕಾಫಿ ಹೂ ಬಿಟ್ಟ ವಾರ,
ಕೇಳದೆಯೇ ಒಳಬರುವ ಘಮ.

ಈ ಊರಲ್ಲಿ ವೀರರಿಗೆ ಬರವಿಲ್ಲ.
ತಶ್ವಿನ್ ಬೆಳ್ಯಪ್ಪ ಎದ್ದು, ಎದೆ ಸೆಟೆಸಿ:
‘ಮುತ್ತಜ್ಜ ಬರ್ಮಾ ಯುದ್ಧಕ್ಕೆ ಹೋಗಿದ್ದರು,
ಅಜ್ಜ ಸುಬೇದಾರ್. ಗೋಡೆಯಲ್ಲಿ ಕೋವಿ ಉಂಟು,
ಕೈಲ್‌ಪೊಳ್ದಿನ ದಿನ ಅದರ ಬಾಯಿಗೆ ತೋಕ್‌ಪೂ ಇಡ್ತೇವೆ.’
ರಫ್ನಾಸ್ ಹೇಳಿದಳು, ಹೊಳೆ ಏರಿದ ವರ್ಷ
ಅವಳ ಮಾವ ಕರಡಿಗೋಡಿನಿಂದ ತೆಪ್ಪದಲ್ಲಿ
ಮೂವರು ಮುದುಕಿಯರನ್ನು ದಾಟಿಸಿದ ಕತೆ.
‘ಒಂದು ಆಡನ್ನೂ. ಆಡು ಲೆಕ್ಕಕ್ಕುಂಟಾ ಮಿಸ್?’
ಉಂಟು ಎಂದೆ.

ನಾನು ಬಾದಾಮಿ ಕಡೆಯವಳು.
ಆನೆಯೆಂದರೆ ನನಗೆ
ಗುಡಿಯ ಮುಂದೆ ಹತ್ತು ರೂಪಾಯಿಗೆ
ತಲೆ ಮುಟ್ಟಿ ಹರಸುವ ಪ್ರಾಣಿ.

ಹತ್ತೂವರೆಗೆ ಬಾಗಿಲಲ್ಲಿ ಬೊಳ್ಳಿ.
ಲಂಗದ ಅಂಚು ಇಬ್ಬನಿಗೆ ತೊಯ್ದು,
ಕಾಲಿಗೆ ಅಂಟುಬೀಜ, ಕೈಯಲ್ಲಿ ಚಪ್ಪಲಿ.
ಯಾಕೆ ತಡ?
ಮಾತಿಲ್ಲ. ಎಂದೂ ಇಲ್ಲ.
ಕೆಂಪು ಶಾಯಿಯಲ್ಲಿ ಒಂದು ‘ತ’ ಬರೆದೆ,
ಜೂನ್‌ನಿಂದ ನಲವತ್ತೊಂದನೆಯದು.
ಅವಳ ಸಾಲು ನೋಡಿದರೆ
ಸುಣ್ಣದ ಗೋಡೆಗೆ ಎಲೆಯಡಿಕೆ ಉಗಿದಂತೆ.

ಮನೆಗೆಲಸ ಕೊಟ್ಟೆ:
ನಿಮ್ಮ ಬೀದಿಯ ವೀರರ ಚಿತ್ರ ಬರೆದು ತನ್ನಿ.
ಮಾರನೆಯ ದಿನ ಬಂದೂಕುಗಳು, ಬಾವುಟಗಳು,
ಮೀಸೆ ಬಿಟ್ಟ ಒಂದು ಆಡು.

ಕೇಳದೆ ಬಂದ ಹಾಳೆಯೂ ಒಂದಿತ್ತು.
ಒಂದನೇ ತರಗತಿಯ ಚಾತ, ಲೈನ್ ಮನೆ ಹುಡುಗ,
ಮೂಗು ಸೋರಿಸುತ್ತ ಮೇಜಿನ ಮೇಲಿಟ್ಟ.
ಹಾಳೆ ತುಂಬ ಇದ್ದಿಲಿನ ಕಪ್ಪು.
‘ಬೆಟ್ಟವೇನೋ ಇದು?’
‘ಆನೆ.’
‘ಈ ಚುಕ್ಕಿಗಳು?’
‘ನಾವು. ಐದು ಜನ.’
ನಡುವೆ ಒಂದು ಕಡ್ಡಿಗೊಂಬೆ, ಕೈಯೆತ್ತಿ ನಿಂತದ್ದು.
‘ಇದು ಬೊಳ್ಳಿಯಕ್ಕ. ಅವಳು ಕೈಯೆತ್ತಿದರೆ
ಉಸಿರೂ ಬಿಡಬಾರದು.’

ಶುಕ್ರವಾರ ಬೆಳಕು ಹರಿಯುವ ಹೊತ್ತಿಗೆ
ಲೈನ್ ಮನೆಗಳ ಮುಂದೆ ನಿಂತಿದ್ದೆ.
ಬೊಳ್ಳಿ ಏನೂ ಕೇಳಲಿಲ್ಲ.
ನನ್ನ ಚಪ್ಪಲಿ ನೋಡಿ ‘ಬಿಚ್ಚಿ, ಸದ್ದಾಗ್ತದೆ’ ಎಂದಳು.
ಅವಳು ಮುಂದೆ, ಚಿಳ್ಳೆಗಳು ಹಿಂದೆ,
ಕೊನೆಯಲ್ಲಿ ನಾನು, ಬಿ.ಎಡ್. ಆದವಳು.

ಕಂದಕದ ಹತ್ತಿರ ಲದ್ದಿ.
ಬರಿಗಾಲಿನ ಬೆರಳಿಂದ ಮುಟ್ಟಿ ನೋಡಿದಳು,
ಅಮ್ಮ ಕೂಸಿನ ಹಣೆ ಮುಟ್ಟುವ ಹಾಗೆ.
ಬಿಸಿ.
ಕೈ ಮೇಲೆದ್ದಿತು.

ಎಷ್ಟು ಹೊತ್ತೋ.
ಹಲಸಿನ ಮರದಡಿ ಏನೋ ಮುರಿದ ಸದ್ದು,
ಬಿಳಿ ಹೂಗಳ ನಡುವೆ ಒಂದು ಬೂದು ಗೋಡೆ
ಮೆಲ್ಲಗೆ, ಬಹಳ ಮೆಲ್ಲಗೆ ಸರಿಯಿತು.
ಚಾತ ನನ್ನ ಸೆರಗನ್ನು ಹಿಡಿದುಕೊಂಡಿದ್ದ;
ಅಥವಾ ನಾನೇ ಅವನ ಭುಜವನ್ನು.
ದೂರದಲ್ಲಿ ಶಾಲೆಯ ಗಂಟೆ ಹೊಡೆಯಿತು.
ಯಾರೂ ಅಲ್ಲಾಡಲಿಲ್ಲ.

ಕೈ ಇಳಿದ ಮೇಲೆ ಕೇಳಿದೆ,
ಇಷ್ಟು ಧೈರ್ಯ ಯಾರು ಕಲಿಸಿದರು?
‘ಧೈರ್ಯ ಅಲ್ಲ ಮಿಸ್, ಹೆದರಿಕೆ.
ಹೆದರಿಕೆ ಇಲ್ಲದವರು ನಿಲ್ಲುವುದಿಲ್ಲ.
ಮಾಮ ನಿಲ್ಲಲಿಲ್ಲ.’
ಅಷ್ಟೇ ಹೇಳಿ ಅಂಟುಬೀಜ ಕೀಳತೊಡಗಿದಳು.

ಸರ್ಕಾರದ ಪುಸ್ತಕ, ಕೆಂಪನ್ನು ಅಳಿಸುವಂತಿಲ್ಲ.
ನಲವತ್ತೊಂದು ‘ತ’ಗಳೂ ಅಲ್ಲೇ ಇವೆ,
ಒಂದೊಂದೂ ಈಗ ನನ್ನ ಕಡೆಗೇ ತಿರುಗಿ.
ಅರಣ್ಯ ಇಲಾಖೆಗೆ ಅರ್ಜಿ ಬರೆದೆ,
ತೋಟದ ಸಾಹುಕಾರರ ಜೀಪು ಕೇಳಿದೆ.
ನೋಡೋಣ ಎಂದಿದ್ದಾರೆ.

ಸೋಮವಾರ ಹತ್ತು ದಾಟಿತು.
ಹೆಡ್‌ಮಾಸ್ಟರು ಗಡಿಯಾರ ನೋಡಿದರು,
ನಾನು ಕಿಟಕಿಯಿಂದ ದಾರಿ ನೋಡಿದೆ.
ಹೂವೆಲ್ಲ ಉದುರಿ ಕಂದಿದ ಗಿಡಗಳ ನಡುವೆ
ಮೊದಲು ಒಂದು ತಲೆ.
ಆಮೇಲೆ ಎಣಿಸಿದೆ:
ಎರಡು, ಮೂರು, ನಾಲ್ಕು, ಐದು,
(ಚಾತ ಎಲ್ಲಿ? ಚಾತ?)
ಆರು.

ಪುಸ್ತಕ ಬಿಚ್ಚಿ ಹಾಜರಿ ಕೂಗಿದೆ.