ಏಳನೇ ದಿನದ ಎಣಿಕೆ

ಮೊದಲು ಯಂತ್ರವನ್ನು ಬೈದೆ.
ಐವತ್ತನಾಲ್ಕು ಸಾವಿರ!
ಮಂಡಿ ಆಪರೇಶನ್ನಿಗೆಂದು ಬಂದ ದಿನ
ಎರಡು ಲಕ್ಷ ಹದಿನೆಂಟು ಸಾವಿರ ಎಂದು
ನಾನೇ ಬರೆದಿದ್ದೆ ಇದೇ ಹೆಸರಿನೆದುರು:
ಹಾಲೇಶಪ್ಪ, ಅರವತ್ತೊಂದು, ತುಂಗಾ ನಾಲೆಯ ನೀರುಗಂಟಿ.

ದುರ್ಗಿಗುಡಿಯ ನರ್ಸಿಂಗ್ ಹೋಮು, ನೆಲಮಾಳಿಗೆಯ ಲ್ಯಾಬು.
ಗಾಜಿನ ಮೇಲೆ ಹನಿ ಎಳೆದು ನೋಡಿದೆ.
ಅಕ್ಕಿ ಕೇರಿದ ಮೇಲೆ ಮೊರದಂಚಿಗೆ
ಉಳಿದ ನುಚ್ಚಿನಷ್ಟು ಪ್ಲೇಟ್‌ಲೆಟ್.
ಟ್ಯೂಬಿನೊಳಗೇ ಅಂಟಿಕೊಂಡಿರಬೇಕು ಅಂದುಕೊಂಡೆ,
ಹಾಗಾಗುವುದುಂಟು.
ಇನ್ನೊಮ್ಮೆ ರಕ್ತ ಕಳಿಸಿ ಎಂದೆ ಲವೀನಾ ಸಿಸ್ಟರಿಗೆ,
ಕಾಫಿ ತರಿಸಿದೆ.

ಆ ನಲವತ್ತು ನಿಮಿಷದಲ್ಲಿ
ಹತ್ತು ಗಂಟೆಯ ಸೂಜಿ
ಅವನ ಹೊಟ್ಟೆಯ ಮಡಿಕೆಗೆ ಹೋಯಿತು, ವಾಡಿಕೆಯಂತೆ.

ರಕ್ತ ತಿಳಿಯಾಗಿರಲೆಂದು ಕೊಡುವ ಮದ್ದು.
ಹೆಪಾರಿನ್.
ಹೆಸರಿನ ಹೊಸ್ತಿಲಲ್ಲೇ ಹೆಪ್ಪು ಕೂತಿತ್ತು,
ನಾವ್ಯಾರೂ ಮಾತಾಡಿಸಿರಲಿಲ್ಲ.
ಅವ್ವ ರಾತ್ರಿ ಹಾಲಿಗೆ ಬಿಡುತ್ತಿದ್ದದ್ದೂ
ಒಂದೇ ಚಮಚ.

ಎರಡನೇ ಎಣಿಕೆ: ಐವತ್ತೊಂದು.
ಫೋನು ಮಾಡಿದರೆ ಡ್ಯೂಟಿ ಡಾಕ್ಟರು
ಎಡಗಾಲು ಊದಿದೆ, ಬೆರಳು ನೇರಳೆಗಟ್ಟಿದೆ,
ಡೋಸು ಏರಿಸುತ್ತಿದ್ದೇನೆ, ಎಂದರು.
ಏರಿಸಬೇಡಿ. ನಿಲ್ಲಿಸಿ.
ಹದಿನಾಲ್ಕು ವರ್ಷದ ಕೆಲಸದಲ್ಲಿ
ಡಾಕ್ಟರೊಬ್ಬರಿಗೆ ನಾನು ಹೇಳಿದ
ಮೊದಲ ಬೇಡ.

ಮಂಚದ ತಲೆಗೆ ಕೆಂಪು ಶಾಯಿಯ ರಟ್ಟು ಬಂತು.
ಸೂಜಿಯ ನಳಿಗೆ ತೊಳೆಯಲಿಕ್ಕೂ ಅದರ ತೊಟ್ಟು ಕೂಡದು.
ಬೇರೆ ಮದ್ದು ಮಣಿಪಾಲದಿಂದ
ಥರ್ಮಾಕೋಲ್ ಡಬ್ಬಿಯಲ್ಲಿ, ಕಂಡಕ್ಟರನ ಕಾಲ ಬಳಿ ಕೂತು,
ಆಗುಂಬೆ ಘಾಟಿ ಹತ್ತಿ
ಬೆಳಗಿನ ಜಾವಕ್ಕೆ ತಲುಪಿತು.

ಕಾಲು ಉಳಿಯಿತು.
ಎರಡು ಬೆರಳು ಹೋದವು.

ಡಿಸ್ಚಾರ್ಜಿನ ದಿನ ವಾಕರ್ ಊರಿಕೊಂಡು
ಲ್ಯಾಬಿನ ಕಿಟಕಿಗೇ ಬಂದ.
ಬಾಯಿಪಾಠ ಮಾಡಿಟ್ಟ ವಿವರಣೆಗೆ ನಾನು ಬಾಯಿ ತೆರೆದೆ.

"ಗೊತ್ತಾತು ಬಿಡಿ ಮೇಡಮ್ಮೋರೆ.
ಕೆಳಗಿನ ಗದ್ದೆಗೆ ನೀರು ಹತ್ತಲ್ಲ ಅಂತ
ಒಂದ್ಸಲ ನಾನೂ ತೂಬು ಪೂರಾ ಎತ್ತಿದ್ದೆ.
ಆ ರಭಸಕ್ಕೆ ತಳದ ಜೊಂಡೆಲ್ಲ ಕಿತ್ತು ಬಂದು
ಮುಂದಿನ ತೂಬಿಗೆ ಗಿಡಿದು ಕೂತಿತ್ತು.
ಎಂಟು ದಿನ ಒಂದು ಹನಿ ಹೋಗಲಿಲ್ಲ.
ಯಾರೂ ನನ್ನ ಬೈಲಿಲ್ಲ.
ಬೈದಿದ್ರೆ ನಿದ್ದೆನಾದ್ರೂ ಬರೋದು."

ಆ ನಲವತ್ತು ನಿಮಿಷದ ಮಾತು
ನಾನು ಯಾರಿಗೂ ಹೇಳಿರಲಿಲ್ಲ.

ಆಟೋ ಹತ್ತುವಾಗ
ಬಲಗಾಲಿಗೆ ಚಪ್ಪಲಿ ಇತ್ತು.
ಎಡಗಾಲಿನದನ್ನು
ಪೇಪರಿನಲ್ಲಿ ಸುತ್ತಿ
ಕಂಕುಳಲ್ಲಿಟ್ಟುಕೊಂಡಿದ್ದ.